ಕಲ್ಲಿನ ಗುಡಿ ಬೆಳೆದ ದಾರಿ: ಬಾದಾಮಿ, ಐಹೊಳೆ, ಪಟ್ಟದಕಲ್ಲು

ಬಾದಾಮಿಗೆ ಬಂದವರು ಬಹುಪಾಲು ಒಂದೇ ಕ್ರಮ ಹಿಡಿಯುತ್ತಾರೆ. ಬೆಳಗ್ಗೆ ಮೇಣಬಸದಿ ಎಂಬ, ಬಂಡೆ ಕೊರೆದ ಗುಹೆಗುಡಿಗಳು, ಆಮೇಲೆ ದಾರಿಯಲ್ಲೇ ಸಿಗುವ ಪಟ್ಟದಕಲ್ಲು, ಕೊನೆಗೆ ಸೋತ ಕಾಲಿನಲ್ಲಿ ಐಹೊಳೆ. ರಸ್ತೆಯ ಲೆಕ್ಕಕ್ಕೆ ಇದು ಸರಿ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಮತ್ತೆ 13–14 ಕಿ.ಮೀ. ಆದರೆ ಕಲ್ಲಿನಲ್ಲಿ ಗುಡಿ ಕಟ್ಟುವ ವಿದ್ಯೆ ಮಲಪ್ರಭೆಯ ದಂಡೆಯಲ್ಲಿ ಹೇಗೆ ಬೆಳೆಯಿತೆಂದು ನೋಡಬೇಕಾದರೆ ಈ ಕ್ರಮ ತಲೆಕೆಳಗು. ಮೊದಲ ದಿನ ಪೂರ್ತಿ ಬಾದಾಮಿಗೆ ಇಡಿ. ಎರಡನೆಯ ದಿನ ನಸುಕಿನಲ್ಲೇ ಹೊರಟು, ಪಟ್ಟದಕಲ್ಲಿನಲ್ಲಿ ಇಳಿಯದೆ ನೇರ ಐಹೊಳೆಗೆ ಹೋಗಿ; ಹಿಂದಿರುಗುವಾಗ ಪಟ್ಟದಕಲ್ಲು ನೋಡಿ. ರೈಲಿನಲ್ಲಿ ಬರುವವರು ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ದೂರ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು, ಆಟೋ ಸಿಗುತ್ತದೆ.

ಬಾದಾಮಿಯ ಕಥೆಗೆ ಗಟ್ಟಿಯಾದ ಮೊದಲ ತಾರೀಖು ಶಕ ವರ್ಷ 465, ಅಂದರೆ ಕ್ರಿ.ಶ. 543. ಚಾಲುಕ್ಯ ಅರಸು ಒಂದನೆಯ ಪುಲಕೇಶಿ ಇಲ್ಲಿಯ ಗುಡ್ಡವನ್ನು ಕೋಟೆ ಮಾಡಿದ್ದನ್ನು ಬಂಡೆಯ ಮೇಲೆ ಬರೆಸಿದ ವರ್ಷ ಅದು. ಮುಂದಿನದು ಮೂರನೆಯ ಗುಹೆಯಲ್ಲಿದೆ: ಶಕ 500ರ ಕಾರ್ತಿಕ ಹುಣ್ಣಿಮೆ, ಕ್ರಿ.ಶ. 578. ಅಣ್ಣ ಕೀರ್ತಿವರ್ಮನ ಕಾಲದಲ್ಲಿ ಮಂಗಲೇಶ ಮಾಡಿಸಿದ ವಿಷ್ಣುಗೃಹ ಇದು. ಕೋತಿಗಳ ಕೈಗೆ ಚೀಲ ಸಿಗದಂತೆ ಮೆಟ್ಟಿಲು ಹತ್ತಿ ಇದರ ಪಡಸಾಲೆಯಲ್ಲಿ ನಿಂತು ಕತ್ತೆತ್ತಿ ನೋಡಿ. ಮುಂದೆ ಚಾಚಿದ ಸೂರಿನ ಒಳಮೈಯಲ್ಲಿ ಜಂತಿಗಳ ಸಾಲು ಕೆತ್ತಿದ್ದಾರೆ. ಕಂಬದ ಮೇಲೆ ತೊಲೆಗೆ ಆನಿಕೆಯಾಗುವ ಬೋದಿಗೆ, ಬೋದಿಗೆಯ ಮೇಲೆ ತೊಲೆ. ಇಷ್ಟೂ ಒಂದೇ ಬಂಡೆ. ತೊಲೆ ಏನನ್ನೂ ಹೊತ್ತಿಲ್ಲ, ಜಂತಿಗೆ ಭಾರವೇ ಇಲ್ಲ. ಮರದ ಮನೆ ಕಟ್ಟಿ ಗೊತ್ತಿದ್ದ ಕೈಗಳು ದೇವರ ಮನೆ ಅಂದರೆ ಹೀಗೇ ಇರಬೇಕೆಂದು ಮರದ ಒಂದೊಂದು ಅಂಗವನ್ನೂ ಕಲ್ಲಿಗೆ ತಂದಿವೆ.

ಬಂಡೆ ಕೊರೆಯುವ ಕೆಲಸ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಮೊದಲು ಚಾವಣಿ, ಆಮೇಲೆ ಕಂಬ, ಕೊನೆಗೆ ನೆಲ. ಯಾವ ಕಂಬ ಎಲ್ಲಿ ಉಳಿಯಬೇಕೆಂದು ಮೊದಲ ಉಳಿಪೆಟ್ಟಿಗೆ ಮುಂಚೆಯೇ ತೀರ್ಮಾನವಾಗಿರಬೇಕು, ತೆಗೆದ ಕಲ್ಲನ್ನು ಮತ್ತೆ ಕೂಡಿಸಲು ಬರುವುದಿಲ್ಲ. ಕಟ್ಟುವ ಕೆಲಸ ಇದಕ್ಕೆ ವಿರುದ್ಧ: ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಕಲ್ಲು, ನಡುವೆ ಗಾರೆ ಇಲ್ಲ. ಅಲ್ಲಿ ತೊಲೆ ನಿಜವಾಗಿಯೂ ಭಾರ ಹೊರಬೇಕು. ಮರದ ತೊಲೆ ಬಾಗಿದರೂ ತಡೆಯುತ್ತದೆ. ಕಲ್ಲಿನ ತೊಲೆ ಬಾಗುವುದಿಲ್ಲ, ನಡುಮಧ್ಯದಲ್ಲಿ ಕೆಳಗಿನಿಂದ ಬಿರುಕು ಬಿಡುತ್ತದೆ. ಅದಕ್ಕೇ ಈ ಸೀಮೆಯ ಗುಡಿಗಳಲ್ಲಿ ಕಂಬಗಳು ಇಷ್ಟು ಒತ್ತೊತ್ತಾಗಿವೆ. ಇಲ್ಲಿಯ ಮರಳುಗಲ್ಲು ಪದರು ಪದರಾಗಿ ಕೂತದ್ದು. ಸಾಲಾಗಿ ತೂತು ಕೊರೆದು ಬೆಣೆ ಹೊಡೆದರೆ ಚಪ್ಪಡಿ ಸಮನಾಗಿ ಏಳುತ್ತದೆ. ಆ ಪದರನ್ನು ಮಲಗಿಸಿಯೇ ಗೋಡೆಗೆ ಇಡಬೇಕು. ನಿಲ್ಲಿಸಿ ಇಟ್ಟ ಕಲ್ಲಿನ ಮುಖ ಮಳೆ ಬಿಸಿಲಿಗೆ ಹೊಪ್ಪಳಿಕೆಯಾಗಿ ಉದುರುತ್ತದೆ.

ಐಹೊಳೆಯಲ್ಲಿ ಬಿಸಿಲೇರುವ ಮೊದಲೇ ಮೇಗುತಿ ಗುಡ್ಡ ಹತ್ತಿಬಿಡಿ. ಮೇಲಿನ ಜಿನಾಲಯದ ಪೂರ್ವದ ಹೊರಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವಿದೆ: ಹಳಗನ್ನಡ ಲಿಪಿ, ಸಂಸ್ಕೃತ ಭಾಷೆ, 19 ಸಾಲು. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಇಲ್ಲಿದೆ. ಕಾಳಿದಾಸ, ಭಾರವಿಯರ ಹೆಸರೂ ಇದೆ. ನಮ್ಮ ಹುಡುಕಾಟಕ್ಕೆ ಇದಕ್ಕಿಂತ ಬೆಲೆಯುಳ್ಳದ್ದು ಅದರ ಕಾಲ: ಶಕ 556, ಕ್ರಿ.ಶ. 634–35. ಐಹೊಳೆಯಲ್ಲಿ ಕಲ್ಲಿಟ್ಟು ಕಟ್ಟಿದ ಗುಡಿಗಳಲ್ಲಿ ಖಚಿತ ತಾರೀಖು ಇರುವ ಅತಿ ಹಳೆಯದು ಇದೇ. ಮುಂಜಾನೆಯ ಬಿಸಿಲು ಈ ಗೋಡೆಗೆ ಎದುರಿನಿಂದ ಬೀಳುವುದರಿಂದ ಅಕ್ಷರ ಮಾಸಿದಂತೆ ಕಾಣುತ್ತದೆ. ಹೊತ್ತೇರಿ ಬೆಳಕು ಓರೆಯಾದಾಗ, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿದಾಗ, ಗೆರೆಗಳು ಎದ್ದು ಬರುತ್ತವೆ. ಓದಲು ಸುಲಭವಾಗಲೆಂದು ನೀರು ಚಿಮುಕಿಸುವುದು, ಸೀಮೆಸುಣ್ಣ ತಿಕ್ಕುವುದು ಯಾವ ಕಾರಣಕ್ಕೂ ಬೇಡ. ಮರಳುಗಲ್ಲು ಎರಡನ್ನೂ ಹೀರಿಕೊಳ್ಳುತ್ತದೆ, ಹೋದ ಅಕ್ಷರ ಮರಳಿ ಬರುವುದಿಲ್ಲ. ಹೊರಗೋಡೆ ಸುತ್ತಿದರೆ ಕೆತ್ತನೆ ಮುಗಿಯದೆ ನಿಂತ ಜಾಗಗಳು ಕಾಣುತ್ತವೆ. ಮೊದಲು ಕಲ್ಲು ಕೂಡಿಸಿ ನಿಲ್ಲಿಸಿ, ಆಮೇಲೆ ಸ್ಥಳದಲ್ಲೇ ಕೆತ್ತುತ್ತಿದ್ದರೆಂಬುದಕ್ಕೆ ಅವೇ ಸಾಕ್ಷಿ.

ಕೆಳಗಿಳಿದು ಲಾಡಖಾನ್ ಗುಡಿಗೆ ಬನ್ನಿ. ಚಪ್ಪಟೆ ಮಾಡು, ಸುತ್ತ ಇಳಿಜಾರು, ದಪ್ಪ ಕಂಬ. ನಮ್ಮ ಕಡೆಯ ಮಾಳಿಗೆ ಮನೆಯನ್ನೇ ಕಲ್ಲಿನಲ್ಲಿ ಎರಕ ಹೊಯ್ದಂತೆ ಕಾಣುತ್ತದೆ. ಇಳಿಜಾರಿನಲ್ಲಿ ಎರಡು ಚಪ್ಪಡಿ ಕೂಡುವ ಸಂದಿನ ಮೇಲೆಲ್ಲ ಉದ್ದನೆಯ ಕಲ್ಲಿನ ಪಟ್ಟಿ ಹೊದಿಸಿದ್ದಾರೆ. ಮಳೆನೀರು ಒಳಗಿಳಿಯದಿರಲು ಮರದ ಮಾಡಿಗೆ ರಿಪೀಸು ಬಡಿಯುವ ಉಪಾಯವೇ ಇದು, ಕಲ್ಲಿನಲ್ಲೂ ಚೆನ್ನಾಗಿಯೇ ನಡೆದಿದೆ. ಇಷ್ಟು ಸರಳವಾಗಿರುವುದರಿಂದಲೇ ಪುರಾತತ್ತ್ವಜ್ಞ ಹೆನ್ರಿ ಕಸೆನ್ಸ್ ಇದನ್ನು ಕ್ರಿ.ಶ. 450ರ ಸುಮಾರಿನದೆಂದು ಎಣಿಸಿದ್ದ. ಇದೇ ಎಲ್ಲದರ ಮೂಲ, ಶಿಖರಗಳೆಲ್ಲ ಆಮೇಲೆ ಬಂದವು ಎಂಬ ಮಾತು ಬಹಳ ಕಾಲ ನಡೆಯಿತು. ಮುಂದಿನ ವಿದ್ವಾಂಸರು ಇದನ್ನು 7–8ನೇ ಶತಮಾನಕ್ಕೆ ತಂದಿದ್ದಾರೆ, ನಮಗೂ ಅದೇ ಒಪ್ಪಿಗೆ. ಹಾಗಾದರೆ ಗುಡ್ಡದ ಮೇಲಿನ ಜಿನಾಲಯವೇ ಇದಕ್ಕಿಂತ ಹಿರಿಯದು. ಸರಳವಾದದ್ದು ಮೊದಲು, ಜಟಿಲವಾದದ್ದು ಆಮೇಲೆ ಎಂಬ ಏಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಐಹೊಳೆ ಸುತ್ತುವವರಿಗೆ ಊರೇ ತಪ್ಪಾಗಿ ಕಾಣುತ್ತದೆ. ಇಲ್ಲಿ ಒಂದೇ ಕಾಲದಲ್ಲಿ ಹಲವು ಉತ್ತರಗಳ ಪರೀಕ್ಷೆ ನಡೆದಿತ್ತು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಯದು? ಅರಸರದಷ್ಟೇ ಅಲ್ಲ, ಇದು ವ್ಯಾಪಾರದ ಊರೂ ಹೌದು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ಈ ಊರಿನ ಹೆಸರನ್ನೇ ಹೊತ್ತು ತಮಿಳುನಾಡು, ಸಿಂಹಳದವರೆಗೆ ಹಬ್ಬಿತು. ಸುಮಾತ್ರಾದ ಬಾರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರಿದ್ದಾರೆ. ಅದೇ ಒಂದು ಬೇರೆ ಪ್ರವಾಸಕ್ಕಾಗುವಷ್ಟು ಇದೆ.

ದುರ್ಗದ ಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ, ಅದರ ಮೇಲೆ ಕೂತದ್ದು ಉತ್ತರದ ಬಗೆಯ ನಾಗರ ಶಿಖರ. ಎರಡೂ ಒಂದಕ್ಕೊಂದು ಹೊಂದಿಲ್ಲವೆಂಬುದು ದೂರದಿಂದಲೇ ತಿಳಿಯುತ್ತದೆ. ಶಿಖರದ ತುದಿಯಲ್ಲಿರಬೇಕಾದ ಆಮಲಕವೆಂಬ ದುಂಡುಕಲ್ಲು ಬಿದ್ದು ಪಕ್ಕದಲ್ಲೇ ನೆಲದ ಮೇಲಿದೆ. ಅದರ ಹತ್ತಿರ ಹೋಗಿ ನೋಡಿ. ನೆಲ್ಲಿಕಾಯಿಯ ಹೋಳಿನಂಥ ಅಂಚು ಕೈಯಳತೆಯಲ್ಲಿ ಸಿಗುವುದು ಇಲ್ಲಿ ಮಾತ್ರ, ಬೇರೆಡೆಯೆಲ್ಲ ಅದು ಆಕಾಶದಲ್ಲಿರುತ್ತದೆ.

ಊಟಕ್ಕೆ ಬುತ್ತಿ ಕಟ್ಟಿಕೊಂಡು ಬಂದರೆ ಒಳ್ಳೆಯದು. ರೊಟ್ಟಿ, ಶೇಂಗಾ ಚಟ್ನಿ ಬಿಸಿಲಿಗೆ ಕೆಡುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಹೊರಡುವ ಮುನ್ನ ಮಲಪ್ರಭೆಯ ಮಟ್ಟ ಕೇಳಿಕೊಳ್ಳಿ. 2019ರ ಆಗಸ್ಟ್ ನೆರೆಯಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು.

ಪಟ್ಟದಕಲ್ಲಿನಲ್ಲಿ ಶಿಖರ ಗುರುತಿಸುವುದನ್ನು ಮೊದಲು ಕಲಿಯಿರಿ. ಮೆಟ್ಟಿಲಿನಂತೆ ಅಂತಸ್ತು ಅಂತಸ್ತಾಗಿ ಏರಿ, ಪ್ರತಿ ಅಂತಸ್ತಿನ ಅಂಚಿನಲ್ಲೂ ಪುಟ್ಟ ಪುಟ್ಟ ಗುಡಿಗಳ ಸಾಲಿದ್ದರೆ ದ್ರಾವಿಡ. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಈ ಬಗೆಯವು. ಒಳಕ್ಕೆ ಬಾಗುತ್ತ ಒಂದೇ ಓಟದಲ್ಲಿ ಏರಿ, ಮೂಲೆಗಳಲ್ಲಿ ಸಣ್ಣ ಆಮಲಕಗಳಿದ್ದರೆ ನಾಗರ. ಗಳಗನಾಥ, ಕಾಶಿವಿಶ್ವನಾಥ ಈ ಬಗೆಯವು. ಪಾಪನಾಥನ ಗೋಡೆ ದಕ್ಷಿಣದ್ದು, ಶಿಖರ ಉತ್ತರದ್ದು. ಇವುಗಳಲ್ಲಿ ಹಳೆಯದು ವಿಜಯಾದಿತ್ಯನ (696–733) ಸಂಗಮೇಶ್ವರ, ಅದೂ ಪೂರ್ತಿ ಮುಗಿದಿಲ್ಲ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ. ಇಲ್ಲಿಯ ಶಾಸನಗಳು ಕಟ್ಟಿದವರನ್ನೂ ಹೆಸರಿಸುತ್ತವೆ. ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಬಂದದ್ದು, ಸರ್ವಸಿದ್ಧಿ ಆಚಾರಿ ತೆಂಕಣ ದಿಕ್ಕಿನ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಆಗಿದ್ದದ್ದು ಅವುಗಳಿಂದಲೇ ತಿಳಿಯುತ್ತದೆ. ಪೂರ್ವದ ಬಾಗಿಲ ಹತ್ತಿರ ನಿಧಾನವಾಗಿ ಹುಡುಕಿ.

ಹೊರಡುವ ಮುನ್ನ ಎರಡನೆಯ ಕೀರ್ತಿವರ್ಮನ ಕಾಲದ ಕಲ್ಲುಕಂಬವನ್ನು ತಪ್ಪಿಸಬೇಡಿ. ಗಂಗೆಯ ಉತ್ತರ ದಂಡೆಯಿಂದ ಬಂದ ಜ್ಞಾನಶಿವ ಎಂಬ ಆಚಾರ್ಯ ಇದನ್ನು ನಿಲ್ಲಿಸಿದ್ದು 754ರಲ್ಲಿ. ಶಾಸನದ ಸಂಸ್ಕೃತ ಪಾಠ ಒಂದೇ, ಬರೆಸಿದ್ದು ಎರಡು ಸಲ: ಒಮ್ಮೆ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ, ಒಮ್ಮೆ ಇಲ್ಲಿಯ ಕನ್ನಡ ಲಿಪಿಯಲ್ಲಿ. ಅಷ್ಟರಲ್ಲಿ ಚಾಲುಕ್ಯರ ಆಳ್ವಿಕೆ ಕೊನೆಗೆ ಬಂದಿತ್ತು. ಕೆಲವೇ ವರ್ಷಗಳಲ್ಲಿ ನಾಡು ರಾಷ್ಟ್ರಕೂಟರ ಕೈಸೇರಿತು.