ಆಲ್ಪ್ಸ್‌ನಲ್ಲಿ ಸೈಕಲ್ ಬಾಡಿಗೆಗೆ ಹಿಡಿಯುವ ಮೊದಲು ಹಲ್ಲು ಎಣಿಸಿ

ಫ್ರಾನ್ಸಿನ ಬೂರ್ ದ್ವಾಜಾನ್‌ನ ಬಾಡಿಗೆ ಅಂಗಡಿಯಲ್ಲಿ ನಾನು ಮಾಡಬೇಕಿದ್ದ ಕೆಲಸ ಒಂದೇ. ಹಿಂದಿನ ಚಕ್ರದ ಕ್ಯಾಸೆಟ್‌ನಲ್ಲಿ, ಅಂದರೆ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್‌ಗೆ) ಎಷ್ಟು ಹಲ್ಲಿವೆ ಅಂತ ಎಣಿಸಬೇಕಿತ್ತು. ಎಣಿಸಲಿಲ್ಲ. ‘34 ಹಲ್ಲಿನದ್ದೇ ಕೊಡುತ್ತೇವೆ’ ಎಂದು ಎರಡು ತಿಂಗಳ ಹಿಂದೆಯೇ ಇಮೇಲ್‌ನಲ್ಲಿ ಬರೆದಿದ್ದರು, ನಂಬಿಬಿಟ್ಟೆ. ಮಾರನೇ ಬೆಳಗ್ಗೆ ಆಲ್ಪ್ ದ್ಯುಯೆಜ್ ಎಂಬ ಬೆಟ್ಟರಸ್ತೆಯ ಏರಿನ ಮೂರನೇ ತಿರುವಿಗೇ ಮೊಣಕಾಲು ಬಿಗಿದು, ರಸ್ತೆ ಬದಿಯ ಕಲ್ಲುಗೋಡೆಗೆ ಸೈಕಲ್ ಒರಗಿಸಿ, ಒಂದು ಹಲ್ಲಿನ ಗ್ರೀಸ್ ಒರೆಸಿ ಗುರುತು ಮಾಡಿಕೊಂಡು, ಅಲ್ಲಿಂದ ಬೆರಳಿಟ್ಟು ಎಣಿಸಿದೆ. ಒಂದು ಸುತ್ತು ಮುಗಿದಾಗ 28. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದೆ. ಬೆರಳೆಲ್ಲ ಕಪ್ಪಾಯಿತು, ಲೆಕ್ಕ ಬದಲಾಗಲಿಲ್ಲ.

ಆರು ಹಲ್ಲಿನಿಂದ ಏನಾಗುತ್ತದೆ ಎಂದು ಬೆಂಗಳೂರಿನಲ್ಲಿ ಕೂತು ನಾನೂ ಅಂದುಕೊಳ್ಳುತ್ತಿದ್ದೆ. ಪೆಡಲ್ ಬಳಿಯ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದೆಯೂ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗ. ಹಿಂದೆ 28 ಇದ್ದರೆ ಅದೇ 60 ತುಳಿತಕ್ಕೆ ಒಂಬತ್ತು ಕಿಲೋಮೀಟರ್ ದಾಟಬೇಕು. ಶೇ. 10ರ ಏರಿನಲ್ಲಿ, ಅಂದರೆ ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡೆ, ಒಂಬತ್ತು ಕಿಲೋಮೀಟರ್ ವೇಗವನ್ನು ಕಾಲು ಗಂಟೆ ಕಾಯ್ದುಕೊಳ್ಳಬಹುದು, ಒಂದೂವರೆ ಗಂಟೆ ನನ್ನಂಥವರಿಂದ ಆಗದು. ಆಗ ತುಳಿತ 60ರಿಂದ 45ಕ್ಕೆ ಇಳಿಯುತ್ತದೆ, ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ.

ನಾವು ಬೆಂಗಳೂರಿನವರು ಅಭ್ಯಾಸ ಮಾಡುವುದು ನಂದಿ ಬೆಟ್ಟದಲ್ಲಿ. ಕೆಳಗಿನಿಂದ ಏಳೆಂಟು ಕಿಲೋಮೀಟರ್, ಸುಮಾರು 450 ಮೀಟರ್ ಏರು. ಉಸಿರು ಕಟ್ಟಿ ತುಳಿದರೆ ಅರ್ಧ, ಮುಕ್ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ. ಆಲ್ಪ್ ದ್ಯುಯೆಜ್ 13.8 ಕಿಲೋಮೀಟರ್, ಸರಾಸರಿ ಶೇ. 8.1ರ ಏರು. ಹೆಚ್ಚೂಕಡಿಮೆ ಎರಡೂವರೆ ನಂದಿಯನ್ನು ಒಂದರ ಮೇಲೊಂದು ಇಟ್ಟಂತೆ. ಅದರಲ್ಲೂ ಅತಿ ಕಡಿದಾದ ಭಾಗ ಶುರುವಿನಲ್ಲೇ ಇದೆ. ಊರು ದಾಟಿ ರಸ್ತೆ ಎಡಕ್ಕೆ ತಿರುಗಿತು ಎನ್ನುವಷ್ಟರಲ್ಲಿ ಶೇ. 10. ನಂದಿಯ ಹುಮ್ಮಸ್ಸಿನಲ್ಲಿ ಅಲ್ಲಿ ಜೋರು ಮಾಡಿದವರು ಲಾ ಗಾರ್ದ್ ಹಳ್ಳಿ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಮೊದಲ ಎರಡು ಮೂರು ಕಿಲೋಮೀಟರ್ ಮಾತಾಡುತ್ತಾ ಹೋಗುವಷ್ಟು ನಿಧಾನ ಇರಲಿ.

ಜೊತೆಗಿದ್ದವರು ನಮ್ಮ ಭಾವ, ಅಕ್ಕನ ಗಂಡ. ವಯಸ್ಸು 53. ಅವರು ತಮ್ಮ ಸೈಕಲ್ಲನ್ನೇ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ಅದನ್ನು ವಿಮಾನಕ್ಕೆ ಹಾಕುವುದು, ಗ್ರೆನೋಬ್ಲ್‌ನ ಬಸ್ಸಿನ ಹೊಟ್ಟೆಗೆ ತುರುಕುವುದು, ಇದೆಲ್ಲ ಯಾಕೆ ಬೇಕು ಎಂದು ನಾನೇ ಅವರಿಗೆ ಉಪದೇಶ ಮಾಡಿದ್ದೆ. ಗೋಡೆ ಬಳಿ ನಾನು ಹಲ್ಲು ಎಣಿಸುತ್ತಿದ್ದಾಗ, ‘ಭಾವ, ನೀವು ಹೋಗ್ತಾ ಇರಿ, ನಾನು ಬರ್ತೀನಿ’ ಎಂದೆ. ‘ಅವಸರ ಏನಿದೆಯೋ? ಕೂತ್ಕೋ, ನೀರು ಕುಡಿ’ ಎಂದು ಅವರೂ ಪಕ್ಕದಲ್ಲೇ ಕೂತರು. ಇಬ್ಬರೂ ಸೇರಿ ಮೇಲೆ ತಲುಪುವಾಗ ಎರಡು ಗಂಟೆ ಹತ್ತು ನಿಮಿಷ.

ಮಧ್ಯಾಹ್ನ ಅಂಗಡಿಗೆ ವಾಪಸ್ ಹೋಗಿ ಇಮೇಲ್ ತೋರಿಸಿದೆ. ಅಂಗಡಿಯವನು ಕ್ಷಮೆ ಕೇಳಲಿಲ್ಲ. ಕ್ಯಾಸೆಟ್ ಬದಲಿಸಿದರೆ ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಡಿರೇಲರ್ ಕೂಡ ಬದಲಿಸಬೇಕು, ಈಗಿರುವುದು ಅಷ್ಟು ದೊಡ್ಡ ಸ್ಪ್ರಾಕೆಟ್ ತಡೆಯುವುದಿಲ್ಲ, 60 ಯೂರೋ ಆಗುತ್ತದೆ ಎಂದ. ಡಿರೇಲರ್ ಬಗ್ಗೆ ಅವನು ಹೇಳಿದ್ದು ನಿಜ. ಆದರೆ ಬರೆದು ಕೊಟ್ಟ ಮಾತು ತಪ್ಪಿದ ಮೇಲೆ ಆ ಖರ್ಚು ನನ್ನದು ಹೇಗಾಗುತ್ತದೆ? ಅರ್ಧ ಗಂಟೆ ವಾದ ಮಾಡಿ, ಉಳಿದ ದಿನಗಳ ಬಾಡಿಗೆಯಲ್ಲಿ ಅರ್ಧ ಮಾತ್ರ ವಾಪಸ್ ಪಡೆದು, ನೂರು ಹೆಜ್ಜೆ ಆಚೆಯ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗಿ ನಾನು ಕೇಳುವ ಮೊದಲೇ ಸೈಕಲ್ ತಲೆಕೆಳಗು ಮಾಡಿ ಸ್ಪ್ರಾಕೆಟ್ ಮೇಲೆ ಒತ್ತಿದ್ದ 34 ಎಂಬ ಅಂಕಿ ತೋರಿಸಿದಳು. ನೀವೂ ಆ ಅಂಕಿ ಹುಡುಕಿ, ಕಾಣದಿದ್ದರೆ ಎಣಿಸಿ. ಮೊದಲ ಅಂಗಡಿಯವನು ಠೇವಣಿ ಎಂದು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿದ 1,500 ಯೂರೋ ಬಿಡುಗಡೆಯಾಗಲು ಮೂರು ವಾರ ಹಿಡಿಯಿತು. ಹಾಗಾಗಿ ಕಾರ್ಡಿನ ಮಿತಿ ನೋಡಿಕೊಳ್ಳಿ, ಇನ್ನೊಂದು ಕಾರ್ಡ್ ಜೊತೆಗಿರಲಿ.

ಅಂಗಡಿಯಿಂದ ಹೊರಡುವ ಮೊದಲು ಬ್ರೇಕ್ ಕೂಡ ಹಿಡಿದು ನೋಡಿ. ನನ್ನ ಸೈಕಲ್ಲಿನಲ್ಲಿ ಬಲಗೈಗೆ ಮುಂದಿನ ಬ್ರೇಕ್. ಅಲ್ಲಿ ಎಡಗೈಗೆ ಮುಂದಿನದು, ಬಲಗೈಗೆ ಹಿಂದಿನದು. ಇಳಿಜಾರಿನ ತಿರುವಿನಲ್ಲಿ ಕೈ ತನ್ನ ಹಳೇ ಅಭ್ಯಾಸದಂತೆ ನಡೆದರೆ ತುಂಬ ಅಪಾಯ. ಅದರ ಮೇಲೆ ರಸ್ತೆಯ ಬಲಬದಿಗೆ ಓಡಿಸಬೇಕು. ಮೊದಲ ಸಂಜೆ ಊರಿನ ಸಮತಟ್ಟು ರಸ್ತೆಯಲ್ಲಿ ಅರ್ಧ ಗಂಟೆ ಸುಮ್ಮನೆ ಬ್ರೇಕ್ ಹಾಕುತ್ತಾ ಓಡಾಡಿ.

ಆಲ್ಪ್ ದ್ಯುಯೆಜ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ. ನನಗೆ ಜನಜಂಗುಳಿ ಆಗಿಬರುವುದಿಲ್ಲ, ಅದನ್ನು ಗಮನದಲ್ಲಿಟ್ಟುಕೊಂಡೇ ಓದಿ. 21 ತಿರುವುಗಳಿಗೂ ಬೋರ್ಡಿದೆ. ಕೆಳಗೆ 21ರಿಂದ ಶುರುವಾಗಿ ಮೇಲಕ್ಕೆ ಹೋದಂತೆ ಅಂಕಿ ಇಳಿಯುತ್ತದೆ. ಪ್ರತಿ ಬೋರ್ಡಿನಲ್ಲೂ ಅಲ್ಲಿನ ಎತ್ತರ, ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಇಲ್ಲಿ ಗೆದ್ದವರ ಹೆಸರು. 1952ರಲ್ಲಿ ಮೊದಲು ಗೆದ್ದ ಇಟಲಿಯ ಫೌಸ್ತೊ ಕೋಪ್ಪಿ ಹೆಸರು ಕೆಳಗಿನ ಬೋರ್ಡಿನಲ್ಲೇ ಇದೆ. ನೋಡಿದಾಗ ಮೈ ಜುಮ್ಮೆಂದಿದ್ದು ನಿಜ. ಆದರೆ ಒಂಬತ್ತು ಗಂಟೆಯ ನಂತರ ಕಾರು, ಕ್ಯಾಂಪರ್ ವ್ಯಾನು, ಮೋಟಾರ್ ಬೈಕುಗಳ ಸಾಲು ಶುರು. ಮೇಲೆ ಹೋದರೆ ಹೋಟೆಲುಗಳ ಕಟ್ಟಡ, ಪಾರ್ಕಿಂಗ್. ಹೋಗುವುದಾದರೆ ಬೆಳಕು ಹರಿಯುತ್ತಿದ್ದಂತೆ ಹೊರಡಿ, ಮತ್ತು ಬಂದ ದಾರಿಯಲ್ಲಿ ಇಳಿಯಬೇಡಿ. ಎರಡನೇ ಸಲ ಹೊಸ ಸೈಕಲ್ಲಿನಲ್ಲಿ ಹತ್ತಿದಾಗ ನಾವು ಮೇಲಿನಿಂದ ಸಾರೆನ್ ಘಟ್ಟಕ್ಕೆ ಹೋದೆವು. 1,999 ಮೀಟರ್ ಎತ್ತರ, ಕಿರಿದಾದ ರಸ್ತೆ, ಡಾಂಬರು ಅಲ್ಲಲ್ಲಿ ಕಿತ್ತುಹೋಗಿದೆ. 2013ರಲ್ಲಿ ಟೂರ್‌ನವರು ಒಂದೇ ದಿನ ಎರಡು ಸಲ ಆಲ್ಪ್ ದ್ಯುಯೆಜ್ ಹತ್ತಿದಾಗ ನಡುವೆ ಇಳಿದದ್ದು ಇದೇ ರಸ್ತೆಯಲ್ಲಿ. ನಾವು ಹೋದ ದಿನ ಎದುರಿಗೆ ನಾಲ್ಕೇ ಕಾರು. ಬಂಡೆಗಳ ಸಂದಿಯಿಂದ ಮಾರ್ಮೊಟ್‌ಗಳು ಸಿಳ್ಳೆ ಹೊಡೆಯುತ್ತಿದ್ದವು. ನಮ್ಮ ಅಳಿಲಿನ ದೊಡ್ಡ ದಾಯಾದಿ ಅದು, ಮೊಲಕ್ಕಿಂತ ದಪ್ಪ. ಸಿಳ್ಳೆ ಕೇಳಿ ಭಾವ ಎರಡು ಸಲ ಹಿಂದಿರುಗಿ ನೋಡಿದರು, ಯಾರೋ ಕರೆಯುತ್ತಿದ್ದಾರೆ ಅಂತ.

ನಾವು ಹೋದದ್ದು ಸೆಪ್ಟೆಂಬರ್ ಮೊದಲ ಎರಡು ವಾರ. ಫ್ರಾನ್ಸಿನಲ್ಲಿ ಆಗ ಶಾಲೆ ಶುರುವಾಗಿ ಕುಟುಂಬಗಳೆಲ್ಲ ಊರಿಗೆ ಮರಳಿರುತ್ತವೆ, ರೂಮಿನ ಬೆಲೆಯೂ ಇಳಿದಿರುತ್ತದೆ. ರಸ್ತೆ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಕಾಲ ಕಾಣೆ. ಮೌಂಟನ್ ಬೈಕ್‌ಗೆ ಬರುವವರ ಲೆಕ್ಕ ಬೇರೆ. ಅವರು ಕೇಬಲ್ ಲಿಫ್ಟಿನಲ್ಲಿ ಸೈಕಲ್ ಮೇಲಕ್ಕೆ ಒಯ್ದು ಕಾಲುದಾರಿಯಲ್ಲಿ ಇಳಿಯುವವರು. ಬಹುಪಾಲು ಲಿಫ್ಟುಗಳು ಆಗಸ್ಟ್ ಮುಗಿಯುತ್ತಲೇ ನಿಂತುಬಿಡುತ್ತವೆ. ಅವರಿಗೆ ಜುಲೈ, ಆಗಸ್ಟ್ ಬಿಟ್ಟರೆ ದಾರಿಯಿಲ್ಲ. 3,300 ಮೀಟರ್ ಎತ್ತರದ ಪಿಕ್ ಬ್ಲಾನ್ ಶಿಖರದ ಹಿಮದ ಮೇಲಿಂದ ಶುರುವಾಗಿ ಕೆಳಗಿನ ಕಣಿವೆಯವರೆಗೆ ಇಳಿಯುವ ಮೆಗಾವಲಾಂಷ್ ಸ್ಪರ್ಧೆಯೂ ಜುಲೈನಲ್ಲೇ. ಆ ವಾರ ರಸ್ತೆ ಸೈಕಲ್ಲಿನವರು ಅತ್ತ ಸುಳಿಯದಿರುವುದು ಒಳ್ಳೆಯದು, ರೂಮು ಸಿಗುವುದಿಲ್ಲ. ಬೇಸಿಗೆಯಲ್ಲಿ ಕೆಲವು ಬೆಳಗ್ಗೆ ಕೆಲವು ಘಟ್ಟಗಳಲ್ಲಿ ಮೋಟಾರು ವಾಹನ ನಿಲ್ಲಿಸಿ ಸೈಕಲ್ಲಿಗೆ ಮಾತ್ರ ಬಿಡುತ್ತಾರೆ. ಯಾವ ದಿನ ಎಂದು ಪ್ರವಾಸಿ ಕಚೇರಿಯಲ್ಲಿ ಕೇಳಿಕೊಂಡು ಟಿಕೆಟ್ ಮಾಡಿ. ನಮಗೆ ಇದು ತಿಳಿದದ್ದು ಹೋದ ಮೇಲೆ.

ಗಾಲಿಬಿಯೇ ಘಟ್ಟ 2,642 ಮೀಟರ್. ಬೂರ್‌ನಿಂದ ಲೋತಾರೆ ಘಟ್ಟ ಹತ್ತಿ, ಅಲ್ಲಿಂದ ಇನ್ನೂ ಎಂಟೂವರೆ ಕಿಲೋಮೀಟರ್. ಒಂದು ದಿಕ್ಕಿಗೇ 45 ಕಿಲೋಮೀಟರ್ ದಾಟುತ್ತದೆ. ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು ಸುರಂಗ. ಲೋತಾರೆ ರಸ್ತೆಯಲ್ಲಿ ಹಲವು ಸುರಂಗಗಳಿವೆ, ಲಾರಿಗಳೂ ಅದರಲ್ಲೇ ಬರುತ್ತವೆ. ಹೊರಗಿನ ಬಿಸಿಲಿನಿಂದ ಕಪ್ಪು ಕನ್ನಡಕ ಹಾಕಿಕೊಂಡೇ ಒಳಗೆ ನುಗ್ಗಿದೆ, ಐದಾರು ಸೆಕೆಂಡು ಏನೂ ಕಾಣಲಿಲ್ಲ, ಹಿಂದೆ ಲಾರಿಯ ಸದ್ದು. ಆ ಐದಾರು ಸೆಕೆಂಡು ಇನ್ನೂ ಮರೆತಿಲ್ಲ. ಹಿಂದೆ ಮುಂದೆ ಎರಡೂ ಲೈಟು ಚಾರ್ಜ್ ಆಗಿರಬೇಕು, ಸುರಂಗಕ್ಕೆ ಮೊದಲೇ ಕನ್ನಡಕ ತೆಗೆಯಬೇಕು. ಎರಡನೆಯದು ಚಳಿ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಕಡಿಮೆಯಾಗುತ್ತದೆ. ಬೂರ್ ಇರುವುದು 720 ಮೀಟರಿನಲ್ಲಿ. ಕೆಳಗೆ 18 ಡಿಗ್ರಿ ಇದ್ದರೆ ಗಾಲಿಬಿಯೇ ತುದಿಯಲ್ಲಿ ಐದಾರು. ಹತ್ತುವಾಗ ಬೆವರಿಗೆ ಒದ್ದೆಯಾದ ಬನಿಯನ್ನಿನಲ್ಲೇ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಒತ್ತಲಾಗುವುದಿಲ್ಲ. ಪೂರ್ತಿ ಬೆರಳಿನ ಕೈಗವಸು, ಗಾಳಿ ತಡೆಯುವ ಜಾಕೆಟ್, ಒಂದು ಒಣ ಬನಿಯನ್ ಜೇಬಿನಲ್ಲಿರಲಿ. ತುದಿಯಲ್ಲಿ ನಾಚಿಕೆ ಪಡದೆ ಬಟ್ಟೆ ಬದಲಿಸಿ, ಎಲ್ಲರೂ ಅದನ್ನೇ ಮಾಡುತ್ತಿರುತ್ತಾರೆ.

ತುದಿಗೆ ಸ್ವಲ್ಪ ಕೆಳಗೆ ಕಾರುಗಳು ಸುರಂಗದೊಳಗೆ ಹೋಗುತ್ತವೆ. ಸೈಕಲ್ಲಿಗೆ ಅಲ್ಲಿ ಪ್ರವೇಶವಿಲ್ಲ, ಮೇಲಿನ ರಸ್ತೆಯಲ್ಲೇ ಹೋಗಬೇಕು, ಅದೇ ಕಡಿದಾದ ಕಿಲೋಮೀಟರ್. ಅಲ್ಲೇ ಟೂರ್ ಶುರುಮಾಡಿದ ಆನ್ರಿ ದೆಗ್ರಾಂಜ್ ಸ್ಮಾರಕವಿದೆ. 1911ರಲ್ಲಿ ಟೂರ್ ಮೊದಲ ಸಲ ಈ ಘಟ್ಟ ದಾಟಿದಾಗ ರಸ್ತೆ ಬರೀ ಕಲ್ಲುಮಣ್ಣು. ಸ್ಮಾರಕದ ಬಳಿ ಕುಳಿತು ನಾವು ಊರಿನಿಂದ ತಂದ ಶೇಂಗಾ ಚಿಕ್ಕಿ ತಿಂದೆವು. ಹಾಲಿನ ತಿಂಡಿ ಒಯ್ಯಬೇಡಿ, ಹೊರದೇಶದಿಂದ ಹಾಲು, ಮಾಂಸದ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ. ಚಿಕ್ಕಿ ಕರಗುವುದಿಲ್ಲ, ಜೇಬಿನಲ್ಲಿ ಹಿಡಿಯುತ್ತದೆ, ಅಂಗಡಿಯ ಎನರ್ಜಿ ಬಾರಿಗಿಂತ ನನಗೆ ಹೆಚ್ಚು ಒಗ್ಗಿತು.

ನೀರಿಗೆ ದುಡ್ಡು ಕೊಡಬೇಡಿ. ಹಳ್ಳಿ ಹಳ್ಳಿಯಲ್ಲೂ ಕಲ್ಲಿನ ತೊಟ್ಟಿಗೆ ಸದಾ ನೀರು ಬೀಳುತ್ತಿರುತ್ತದೆ. ‘ಓ ನೋಂ ಪೊತಾಬ್ಲ್’ ಎಂಬ ಬೋರ್ಡಿದ್ದರೆ ಮಾತ್ರ ಕುಡಿಯಬಾರದು. ವಿಮೆ ಕೊಳ್ಳುವಾಗ ಸೈಕ್ಲಿಂಗ್ ಅನ್ನು ಹೊರಗಿಟ್ಟಿದ್ದಾರೆಯೇ ಎಂದು ಸಣ್ಣಕ್ಷರ ಓದಿ. ಲಾ ಬೆರಾರ್ದ್ ಕಣಿವೆಯ ಚಂದದ ಬಗ್ಗೆ ಹಳೆಯ ಬರಹಗಳಲ್ಲಿ ಓದಿ ಹೊರಡುವವರು ಮೊದಲು ವಿಚಾರಿಸಿ. 2024ರ ಜೂನ್ ಪ್ರವಾಹದಲ್ಲಿ ಆ ಹಳ್ಳಿಯೇ ಕಲ್ಲುಮಣ್ಣಿನಡಿ ಹೂತುಹೋಗಿತ್ತು.

ನನ್ನನ್ನು ಕೇಳಿದರೆ ಒಂದೇ ದಿನ ಇರುವವರು ಕ್ರುವಾ ದ ಫೇರ್‌ಗೆ ಹೋಗಬೇಕು. ಹೆಸರಿನ ಅರ್ಥ ಕಬ್ಬಿಣದ ಶಿಲುಬೆ. 2,067 ಮೀಟರ್, ಅಲ್ಮೋನ್ ಹಳ್ಳಿಯಿಂದ ದೀರ್ಘ ಏರು. ಕಾಡಿನೊಳಗೆ ಹತ್ತಿಸಿ, ನಡುವೆ ರಸ್ತೆ ಇದ್ದಕ್ಕಿದ್ದಂತೆ ಕೆಳಗಿಳಿಯುತ್ತದೆ. ಖುಷಿಯಲ್ಲಿ ದೊಡ್ಡ ಗೇರಿಗೆ ಹಾಕಬೇಡಿ, ಹಳ್ಳ ದಾಟಿದ ಕೂಡಲೇ ಶೇ. 10 ಮೀರಿದ ಏರು ಕಾದಿರುತ್ತದೆ. ಅಲ್ಲಿ 34 ಹಲ್ಲಿಗೆ ಕೈಮುಗಿದೆ. ಆಮೇಲೆ ಗ್ರಾನ್ ಮೇಸೋನ್ ಅಣೆಕಟ್ಟಿನ ಹಿನ್ನೀರು, ನೀಲಿಗೂ ಹಸಿರಿಗೂ ನಡುವಿನ ಬಣ್ಣ. ಬೇಡಿಕೆ ಕಡಿಮೆ ಇದ್ದಾಗ ಕೆಳಗಿನ ವೆರ್ನೇ ಕೆರೆಯ ನೀರನ್ನು ಪಂಪ್ ಮಾಡಿ ಇಲ್ಲಿಗೆ ಏರಿಸುತ್ತಾರೆ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುತ್ತಾರೆ. ನಾವು ಬೆಳಗ್ಗೆಯಿಂದ ಬೆವರು ಸುರಿಸಿ ಹತ್ತಿದ ಎತ್ತರವನ್ನು ಆ ನೀರೂ ಹತ್ತಿ ಬಂದಿರುತ್ತದೆ.

ಇಳಿದು ಬಂದು ಊಟಕ್ಕೆ ಹುಡುಕಿದಾಗ ಒಂದೂ ಮುಕ್ಕಾಲು. ಅಲ್ಲಿ ಊಟ ಹನ್ನೆರಡರಿಂದ ಎರಡರವರೆಗೆ ಮಾತ್ರ. ಎರಡು ದಾಟಿದರೆ ಅಡುಗೆಮನೆ ಮುಚ್ಚಿ ಸಂಜೆ ಏಳಕ್ಕೇ ಮತ್ತೆ ತೆರೆಯುವುದು, ಎಷ್ಟು ಹಸಿದಿದ್ದರೂ ಬರೀ ಕಾಫಿ. ದೊಡ್ಡ ರಸ್ತೆಯ ಎರಡು ಹೋಟೆಲಿನವರು ಆಗಲೇ ಇಲ್ಲ ಎಂದು ತಲೆಯಾಡಿಸಿಬಿಟ್ಟಿದ್ದರು. ಅಲ್ಮೋನ್ ಕಡೆಯ ಒಂದು ಹಳ್ಳಿಯಲ್ಲಿ ಚರ್ಚಿನ ಹಿಂದೆ ಐದೇ ಮೇಜಿನ ಊಟದ ಮನೆ. ಅರವತ್ತು ದಾಟಿದ ಒಬ್ಬರೇ ಹೆಂಗಸು, ಅಡುಗೆಯೂ ಅವರದೇ, ಬಡಿಸುವುದೂ ಅವರದೇ. ಗಡಿಯಾರ ನೋಡಿದರು, ನಮ್ಮ ಮುಖ ನೋಡಿದರು, ಕುರ್ಚಿ ಎಳೆದು ಕೂರಿಸಿದರು.

ನಾವು ಸಸ್ಯಾಹಾರಿಗಳು. ‘ಸಾಂ ವಿಯಾಂದ್, ಸಾಂ ಪ್ವಾಸೋಂ’, ಮಾಂಸ ಬೇಡ, ಮೀನು ಬೇಡ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ‘ಸಾಂ ಲಾರ್ದೋಂ’ ಎಂದೂ ಸೇರಿಸಿ. ಹಂದಿಮಾಂಸದ ಚೂರನ್ನು ಆಲೂಗೆಡ್ಡೆಗೆ, ಸಲಾಡಿಗೆ ಎಲ್ಲಕ್ಕೂ ಹಾಕುವ ರೂಢಿ ಅಲ್ಲಿದೆ, ಕೆಲವರು ಅದನ್ನು ಮಾಂಸವೆಂದು ಎಣಿಸುವುದೂ ಇಲ್ಲ. ಅವರು ತಲೆಯಾಡಿಸಿ ‘ರಾವಿಯೋಲ್’ ಎಂದರು. ಹೆಬ್ಬೆರಳ ಉಗುರಿನಷ್ಟು ಚಿಕ್ಕ ಕಡುಬು, ಮೈದಾ ಹಾಳೆ ಕಾಗದದಷ್ಟು ತೆಳು, ಒಳಗೆ ಚೀಸ್ ಮತ್ತು ಪಾರ್ಸ್ಲೀ ಸೊಪ್ಪು. ಕುದಿನೀರಿನಲ್ಲಿ ಒಂದು ನಿಮಿಷ ಬೇಯಿಸಿ, ಕೆನೆ ಸುರಿದು, ಮಣ್ಣಿನ ತಟ್ಟೆಯಲ್ಲಿ ಮೇಲ್ಭಾಗ ಕೆಂಪಗಾಗುವವರೆಗೆ ಓವನ್ನಿನಲ್ಲಿಟ್ಟು ತಂದರು. ಅಂಚಿನಲ್ಲಿ ಸೀದು ಹಿಡಿದ ಕೆನೆಯನ್ನು ಭಾವ ಚಮಚದಿಂದ ಕೆರೆದು ತಿಂದರು, ನಮ್ಮಲ್ಲಿ ಹಾಲು ಕಾಸಿದ ಪಾತ್ರೆ ಕೆರೆಯುವ ಹಾಗೆ. ಜೊತೆಗೆ ಅಕ್ರೋಟ್ ಎಣ್ಣೆ ಹಾಕಿದ ಸೊಪ್ಪಿನ ಸಲಾಡ್. ಗ್ರೆನೋಬ್ಲ್ ಸುತ್ತಿನ ಅಕ್ರೋಟ್ ಹೆಸರುವಾಸಿ, ಆ ಎಣ್ಣೆಯ ಘಮ ನಮ್ಮ ಗಾಣದ ಶೇಂಗಾ ಎಣ್ಣೆಯನ್ನು ನೆನಪಿಸಿತು. ಬ್ರೆಡ್ಡಿನ ಬುಟ್ಟಿ ಖಾಲಿಯಾದಾಗ ಕೇಳದೆಯೇ ತುಂಬಿಸಿದರು, ಅದಕ್ಕೆ ದುಡ್ಡಿಲ್ಲ. ನೀರಿಗೂ ‘ಯೂನ್ ಕರಾಫ್ ದೋ’ ಎಂದು ಕೇಳಿದರೆ ಹೂಜಿಯಲ್ಲಿ ಉಚಿತವಾಗಿ ಕೊಡುತ್ತಾರೆ, ಬರೀ ನೀರು ಎಂದರೆ ಬಾಟಲಿ ತಂದು ಬಿಲ್ಲಿಗೆ ಸೇರಿಸುತ್ತಾರೆ. ತಲೆಗೆ 13 ಯೂರೋ. ಮೇಲಿನ ಸ್ಕೀ ಊರಿನಲ್ಲಿ ತಣ್ಣಗಿನ ಸ್ಯಾಂಡ್‌ವಿಚ್ ಮತ್ತು ಕಾಫಿಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆವು. ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿಯೇ ಇರುತ್ತದೆ, ಟಿಪ್ಸ್ ಕಡ್ಡಾಯವಲ್ಲ. ನಾವು ಇಟ್ಟು ಬಂದೆವು.

ಎರಡು ದಿನ ಬಿಟ್ಟು ಮತ್ತೆ ಅಲ್ಲಿಗೇ ಹೋದೆವು, ಈ ಸಲ ಹನ್ನೆರಡೂ ಕಾಲಿಗೆ. ಬಾಗಿಲಲ್ಲೇ ಗುರುತು ಹಿಡಿದು, ನಮ್ಮ ಬಾಯಿಪಾಠ ಶುರುವಾಗುವ ಮೊದಲೇ ‘ಸಾಂ ಲಾರ್ದೋಂ’ ಎಂದು ಅವರೇ ಹೇಳಿದರು. ಸೋಮವಾರ ರಜೆ.