ಯಾರ ಮಳೆ, ಯಾರ ಓಟ

ನಿಮ್ಮೂರಲ್ಲಿ ಮಳೆ ಬಂದರೆ ಯಾರು ಓಡಬೇಕು ಅಂತ ಪಕ್ಕದ ಬಸ್ಸಿನ ಹುಡುಗಿ ಕೇಳಿದಳು. ಎಂಟು ವರ್ಷ ಇರಬಹುದು, ಮುಂದಿನ ಎರಡು ಹಲ್ಲು ಬಿದ್ದಿವೆ. ಹಳೇ ಸ್ಕೂಲ್ ಬಸ್ಸನ್ನೇ ಮನೆ ಮಾಡಿಕೊಂಡ ಸಂಸಾರ ಅವರದು. ನಮ್ಮದು ವ್ಯಾನು. ಅಮೆರಿಕದ ಯೂಟಾ ರಾಜ್ಯದ ಎಸ್ಕಲಾಂಟೆ ಎಂಬ ಪುಟ್ಟ ಊರಿನಿಂದ ಮರುಭೂಮಿಯೊಳಕ್ಕೆ ಹೋಗುವ ಮಣ್ಣುರಸ್ತೆಯ ಬದಿಯಲ್ಲಿ, ಜುನಿಪರ್ ಗಿಡಗಳ ನಡುವೆ ಬೀಡುಬಿಟ್ಟಿದ್ದೆವು. ನನ್ನ ಮೀಟಿಂಗ್ ಮುಗಿದಿತ್ತು, ನನ್ನ ಗಂಡನದು ವ್ಯಾನಿನೊಳಗೆ ಇನ್ನೂ ನಡೆಯುತ್ತಿತ್ತು.

ಯಾರೂ ಓಡುವುದಿಲ್ಲ ಅಂದೆ. ನಮ್ಮ ಕೊಡಗಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ, ಎಷ್ಟು ದಿನ ಅಂತ ಓಡುವುದು, ಒಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿನ್ನುತ್ತೇವೆ ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ.

‘ನೀವಲ್ಲ. ಕೆಳಗಿನವರು,’ ಅಂದಳು.

ಅವಳ ಲೆಕ್ಕ ಅರ್ಥವಾಗಬೇಕಾದರೆ ಇಲ್ಲಿನ ನೆಲ ಹೇಗಿದೆ ಎಂದು ಹೇಳಬೇಕು. ಸುಮಾರು 18 ಕೋಟಿ ವರ್ಷಗಳ ಹಿಂದೆ ಗಾಳಿ ಗುಡ್ಡೆ ಹಾಕಿದ ಮರಳು ದಿಣ್ಣೆಗಳೇ ಗಟ್ಟಿಯಾಗಿ ಈಗ ನವಾಹೋ ಮರಳುಗಲ್ಲು ಆಗಿವೆ. ಆ ಕಲ್ಲನ್ನು ನೀರು ಕೊರೆದು ಕೊರೆದು ಕಿರಿದಾದ ಆಳದ ಸೀಳುಗಳನ್ನು ಮಾಡಿದೆ. ಸ್ಲಾಟ್ ಕ್ಯಾನಿಯನ್ ಅನ್ನುತ್ತಾರೆ. ನಾವು ಆ ವಾರ ಹೊಕ್ಕು ಬರಬೇಕೆಂದಿದ್ದ ಪೀಕಬೂ, ಸ್ಪೂಕಿ ಎಂಬ ಎರಡು ಸೀಳುಗಳು ಈ ರಸ್ತೆಗೆ ಹತ್ತಿರ. ಸ್ಪೂಕಿಯಲ್ಲಿ ಕೆಲವು ಕಡೆ ಗೋಡೆಯಿಂದ ಗೋಡೆಗೆ 25 ಸೆಂಟಿಮೀಟರ್ ಸಿಕ್ಕರೆ ಪುಣ್ಯ. ಚೀಲವನ್ನು ಕೈಯಲ್ಲಿ ಹಿಡಿದು, ಉಸಿರು ಬಿಟ್ಟು, ಅಡ್ಡಡ್ಡ ಸರಿಯಬೇಕು. ನನ್ನ ಗಂಡ ಬರದ ಸೀಮೆ ಚಳ್ಳಕೆರೆ ಕಡೆಯವರು, ಒಣಗಿದ ಕಟ್ಟಿಗೆಯ ಹಾಗಿದ್ದಾರೆ, ಸರಾಗವಾಗಿ ದಾಟುತ್ತಾರೆ. ಹಂದಿ ಸಾರು, ಕಡುಬು ತಿಂದು ಬೆಳೆದ ಮೈ ನನ್ನದು, ಎರಡೂ ಕಡೆ ಕಲ್ಲಿಗೆ ಅಂಟುತ್ತದೆ.

ಬಕ್ಸ್‌ಕಿನ್ ಗಲ್ಚ್ ಅಂತ ಇನ್ನೊಂದಿದೆ, ಯೂಟಾ–ಅರಿಜೋನಾ ಗಡಿಯಲ್ಲಿ. 20 ಕಿಲೋಮೀಟರಿಗೂ ಉದ್ದದ ಸೀಳು. ಅಲ್ಲಿಗೆ ಹೋದವರು ಬಹಿರ್ದೆಸೆಯನ್ನೂ ಚೀಲದಲ್ಲಿ ಕಟ್ಟಿ ಹೊತ್ತು ತರಬೇಕು. (ನಮ್ಮ ಕಡೆಯ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಬಂದು ಬಾಟಲಿ ಎಸೆದು ಹೋಗುವವರಿಗೆ ಈ ನಿಯಮ ಮಾಡಿದರೆ ಏನಾಗಬಹುದು ಅಂತ ಯೋಚಿಸಿ ನಗು ಬಂದಿತ್ತು.) ಅಲ್ಲಿ ನಡೆಯುವಾಗ ತಲೆ ಎತ್ತಿದರೆ, ಕೈಗೆಟುಕದ ಎತ್ತರದಲ್ಲಿ, ಎರಡು ಗೋಡೆಗಳ ನಡುವೆ ಮರದ ದಿಮ್ಮಿಗಳು ಸಿಕ್ಕಿಕೊಂಡಿರುತ್ತವೆ. ಹತ್ತಿರದಲ್ಲೆಲ್ಲೂ ಅಂಥ ಮರ ಕಾಣುವುದಿಲ್ಲ. ಅಷ್ಟು ಎತ್ತರಕ್ಕೆ ನೀರು ಬಂದಿತ್ತು, ಎಲ್ಲಿಂದಲೋ ಮರ ಹೊತ್ತು ತಂದಿತ್ತು.

ಎಲ್ಲಿಂದಲೋ ಅನ್ನುವುದೇ ಇಲ್ಲಿನ ಮಾತು. ಬರೀ ಬಂಡೆ, ಹಿಡಿದಿಟ್ಟುಕೊಳ್ಳಲು ಮಣ್ಣಿಲ್ಲ, ಬೇರಿಲ್ಲ. ಬಿದ್ದ ಮಳೆ ಬಿದ್ದಂತೆಯೇ ಜಾರಿ ಸೀಳಿಗೆ ಬರುತ್ತದೆ. 1997ರ ಆಗಸ್ಟ್‌ನಲ್ಲಿ ಆಂಟೆಲೋಪ್ ಕ್ಯಾನಿಯನ್‌ನಲ್ಲಿ 11 ಜನ ಕೊಚ್ಚಿಹೋದರು. ಜೋರು ಮಳೆ ಸುರಿದದ್ದು ಮೈಲುಗಟ್ಟಲೆ ಮೇಲೆ. 2015ರ ಸೆಪ್ಟೆಂಬರ್‌ನಲ್ಲಿ ಜಯಾನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಎಂಬ ಸೀಳಿನಲ್ಲಿ ಏಳು ಜನ. ಹಾಗಾಗಿ ಇಲ್ಲಿ ಯಾರೂ ತಲೆಯ ಮೇಲಿನ ಆಕಾಶ ನೋಡುವುದಿಲ್ಲ. ತಮ್ಮ ಸೀಳಿಗೆ ನೀರು ಎಲ್ಲಿಂದ ಇಳಿಯುತ್ತದೋ ಆ ಕಡೆಯ ಆಕಾಶ ನೋಡುತ್ತಾರೆ. ಅಂದು ನಮ್ಮ ಮೇಲೆ ತೊಳೆದಿಟ್ಟಂಥ ನೀಲಿ. ಪಶ್ಚಿಮಕ್ಕೆ, ಸ್ಟ್ರೇಟ್ ಕ್ಲಿಫ್ಸ್ ಎಂಬ ಉದ್ದನೆಯ ಗೋಡೆಬೆಟ್ಟದ ಹಿಂದೆ ಮಾತ್ರ ಕಪ್ಪು. ಹುಡುಗಿಯ ಅಮ್ಮ ಇವತ್ತು ಬೇಡ ಅಂದಿದ್ದರು. ಸಂಜೆ ಹೊತ್ತಿಗೆ ಒಣಹಳ್ಳದ ದಂಡೆಯ ಮೇಲೆ ಕೂತು ನೋಡಿದೆವು. ಮೊದಲು ಸದ್ದು, ಆಮೇಲೆ ಕಸಕಡ್ಡಿ ತಳ್ಳಿಕೊಂಡು ಬರುವ ನೊರೆ, ಅದರ ಹಿಂದೆ ಕೆಂಪು ನೀರು. ನಮ್ಮ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಹುಡುಗಿ ಏನೂ ಆಗದವಳಂತೆ ಕಡಲೆಬೀಜ ತಿನ್ನುತ್ತಿದ್ದಳು.

ಎಸ್ಕಲಾಂಟೆಯಲ್ಲಿ ವರ್ಷಕ್ಕೆ ಸುಮಾರು 10 ಇಂಚು ಮಳೆ. ಇದನ್ನು ಅಮ್ಮನಿಗೆ ಹೇಳಿದಾಗ ‘ದಿನಕ್ಕಾ?’ ಅಂದರು.

ನಮ್ಮ ಮನೆ ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. ಮಳೆ ದೇವರು ಪಾಡಿ ಇಗ್ಗುತಪ್ಪನ ನೆರೆಹೊರೆ. ಕಾಫಿ ತೋಟದ ಎಲ್ಲ ಮನೆಗಳಂತೆ ಅಂಗಳದಲ್ಲಿ ಮಳೆಮಾಪಕ, ಗೂಟಕ್ಕೆ ಸಿಕ್ಕಿಸಿದ್ದು. ಬೆಳಿಗ್ಗೆ ಎದ್ದು ಕೊಡೆ ಹಿಡಿದು ಹೋಗಿ ಅಳೆದು ಡೈರಿಯಲ್ಲಿ ಬರೆಯದಿದ್ದರೆ ಅಮ್ಮನಿಗೆ ಕಾಫಿ ಇಳಿಯದು. ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು). ನಮ್ಮಲ್ಲಿ ಫೋನಿನ ಮೊದಲ ಮಾತು ಹೇಗಿದ್ದೀರಿ ಅಲ್ಲ, ಎಷ್ಟು ಬಂತು. ಮಾರ್ಚಿನ ಹೂಮಳೆಗಾದರೆ ಈ ಲೆಕ್ಕಕ್ಕೆ ಅರ್ಥವಿದೆ. ಒಂದು ಇಂಚು ಬಿದ್ದರೆ ರೊಬಸ್ಟಾ ಕಾಫಿ ಅರಳುತ್ತದೆ, ಇಪ್ಪತ್ತು ಸೆಂಟ್ಸ್ ಬಿದ್ದರೆ ಮೊಗ್ಗು ಕೆಡುತ್ತದೆ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ತೀರ್ಮಾನ ಅದರ ಮೇಲೆ. ಜುಲೈನಲ್ಲಿ ಅದು ಬರೀ ಹೆಮ್ಮೆ. ನಮಗೆ ಇನ್ನೂರು ಇಂಚು ದಾಟಿತು ಅಂತ ಮದುವೆ ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ.

ಆ ಮಳೆ ಎಲ್ಲಿಗೆ ಹೋಗುತ್ತದೆ ಅಂತ ಡೈರಿಯಲ್ಲಿ ಅಂಕಣವಿಲ್ಲ. ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ತೋಟದ ಕೆಳಗಿನ ತೋಡು ಹೊಳೆಗೆ, ಹೊಳೆ ಕಾವೇರಿಗೆ, ಕಾವೇರಿ ಸಿದ್ದಾಪುರದ ಕಡೆಗೆ. ಅಲ್ಲಿ ದಂಡೆಯ ಮೇಲೆ ಕರಡಿಗೋಡು, ಎದುರಿಗೆ ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡು. ತೋಟಗಳಲ್ಲಿ ಕೂಲಿ ಮಾಡುವವರು ಬೇರೆಲ್ಲೂ ಜಾಗ ಸಿಗದೆ ನದಿಗೆ ತಾಗಿ ಕಟ್ಟಿಕೊಂಡ ಮನೆಗಳು. 2019ರ ಆಗಸ್ಟ್‌ನಲ್ಲಿ ಅವುಗಳಲ್ಲಿ ಎಷ್ಟೋ ಮನೆ ಗೋಡೆ ಸಮೇತ ಹೋದವು. ಅದರ ಹಿಂದಿನ ವರ್ಷ ಬೆಟ್ಟವೇ ಕುಸಿದದ್ದು, ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಎಲ್ಲರಿಗೂ ನೆನಪಿದೆ, ಟೀವಿಯವರೂ ಬಂದಿದ್ದರು. ದಂಡೆಯವರದು ಹಾಗಲ್ಲ. ಪ್ರತಿ ಮಳೆಗಾಲಕ್ಕೂ ನೋಟಿಸ್, ಪರಿಹಾರ ಕೇಂದ್ರ, ನೀರಿಳಿದ ಮೇಲೆ ಕೆಸರು ಬಳಿದು ಮತ್ತೆ ಅಲ್ಲೇ ವಾಸ.

ನಾನು ಹೈಸ್ಕೂಲಿನಲ್ಲಿದ್ದಾಗ ಕೊಯ್ಲಿನ ಸಮಯಕ್ಕೆ ಆ ಕಡೆಯಿಂದ ಜೀಪಿನಲ್ಲಿ ಆಳುಗಳು ಬರುತ್ತಿದ್ದರು. ಅವರಲ್ಲಿ ಒಬ್ಬಾಕೆ ನನ್ನ ಲೆಕ್ಕದ ಪುಸ್ತಕ ನೋಡಿ, ನಿಮ್ಮಮ್ಮ ಮಳೆ ಬರೆಯುವ ಪುಸ್ತಕವೂ ಇದೇ ಥರದ್ದಾ ಅಂತ ಕೇಳಿದ್ದರು. ಹೌದು ಅಂದೆ. ಅದರಲ್ಲಿ ಎಷ್ಟು ಬರೆದರೆ ನಮ್ಮ ಮನೆಗೆ ನೀರು ಬರುತ್ತದೆ ಅಂತ ನೋಡಿ ಹೇಳ್ತೀಯಾ ಅಂದರು. ತಮಾಷೆಗೆ ಕೇಳಿದ್ದಾರೆ ಎಂದು ಎಲ್ಲರೂ ನಕ್ಕೆವು, ಅವರೂ ನಕ್ಕರು. ಈಗ ಕಡಲೆಬೀಜ ತಿನ್ನುವ ಹುಡುಗಿಯ ಪಕ್ಕ ಕೂತು ನೋಡಿದರೆ, ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಉತ್ತರ ಕೂಡ ಆ ಡೈರಿಗಳಲ್ಲಿತ್ತು. ನಮ್ಮ ಮನೆಯದು, ಭಾಗಮಂಡಲದ ಕಡೆಯವರದು, ನಾಪೋಕ್ಲಿನವರದು, ಹತ್ತಾರು ವರ್ಷಗಳ ದಿನದಿನದ ಮಳೆಯನ್ನು ಕರಡಿಗೋಡಿನ ನೀರಿನ ದಿನಗಳ ಪಕ್ಕದಲ್ಲಿಟ್ಟರೆ ಸಾಕಿತ್ತು.

ಮೇಲೆ ನಾವು ಇಂಚಿನಲ್ಲಿ ಎಣಿಸುತ್ತೇವೆ. ಕೆಳಗೆ ಮಂಡ್ಯ, ಮೈಸೂರಿನವರು ಅಡಿಯಲ್ಲಿ ಎಣಿಸುತ್ತಾರೆ. ಕೊಡಗಿನಲ್ಲಿ ಮಳೆ ಅಂದರೆ ಅವರಿಗೆ ಕೆಆರ್‌ಎಸ್ ಒಳಹರಿವು, 124.80 ಅಡಿ ತುಂಬಿದ ದಿನ ಬಾಗಿನ. ನಡುವೆ ದಂಡೆಯಲ್ಲಿ ಇರುವವರಿಗೆ ಮಾತ್ರ ಯಾವ ಅಳತೆಯೂ ತಲುಪುವುದಿಲ್ಲ, ನೀರು ಹೊಸ್ತಿಲಿಗೆ ಬಂದಾಗ ಮೈಕಿನ ವಾಹನ ಬರುತ್ತದೆ. ಇಲ್ಲಿ ಮೋಜಿಗೆಂದು ಸೀಳಿಗೆ ಇಳಿಯುವ ನಮ್ಮಂಥವರಿಗೆ ಹವಾಮಾನ ಇಲಾಖೆ ದಿನವೂ ಒಂದೊಂದು ಜಾಗಕ್ಕೆ ಬೇರೆ ಬೇರೆಯಾಗಿ ದಿಢೀರ್ ಪ್ರವಾಹದ ಸಾಧ್ಯತೆ ಹೇಳುತ್ತದೆ, ನಾಲ್ಕು ಹಂತಗಳಲ್ಲಿ. ನೋಡಿ ಬೇಡವಾದರೆ ವ್ಯಾನಿನಲ್ಲಿ ಉಪ್ಪಿಟ್ಟು ಮಾಡಿಕೊಂಡು ಮಲಗುತ್ತೇವೆ. ನನ್ನ ಗಂಡ ಹೇಳುವುದು ಬೇರೆ. ಚಳ್ಳಕೆರೆಯಲ್ಲಿ ಹುಟ್ಟಿದವನಿಗೆ ಯಾರ ಮಳೆಯಾದರೂ ಸರಿ, ಹಳ್ಳ ಹರಿಯುವುದನ್ನು ನೋಡಿದರೆ ಕೈ ಮುಗಿಯಬೇಕು ಅನಿಸುತ್ತದಂತೆ. ಅಂದೂ ಮುಗಿದರು.

ಆ ವಾರ ಅಮ್ಮ ಫೋನ್ ಮಾಡಿದರು. ಎರಡು ದಿನದಿಂದ ಆರಾರು ಇಂಚು, ಕರೆಂಟಿಲ್ಲ, ಬೆಂಗಳೂರಿನ ಮಾವ ಮತ್ತೆ ಕೇಳಿದರು, ನೀವಿಬ್ಬರೂ ವ್ಯಾನಿನಲ್ಲಿ ಇದ್ದೀರಂತಲ್ಲ, ಕೆಲಸ ಹೋಯಿತಾ ಅಂತ. ಕೊಯ್ಲಿಗೆ ಬರುತ್ತಿದ್ದ ಆ ಕರಡಿಗೋಡಿನವರಿಗೆ ಒಂದು ಫೋನ್ ಮಾಡಿ ಅಂದೆ. ನಂಬರ್ ಇದೆ, ಮಾಡಿ ಏನು ಹೇಳೋದು, ಆರು ಇಂಚು ಅಂತಲಾ ಅಂದರು. ಬಂದುಬಿಡಿ ಅಂತ ಹೇಳಿ ಅಂದೆ.

‘ಎಲ್ಲಿಗೆ? ಆಳುಗಳ ಲೈನ್ ಮನೆ ತುಂಬ ಅಸ್ಸಾಮಿನವರಿದ್ದಾರೆ.’

ಕಣದ ಪಕ್ಕದ ಗೋಡೌನಿಗೆ ಅಂದೆ. ಅಲ್ಲಿ ಕಾಫಿ ಮೂಟೆ ಇದೆಯಲ್ಲ ಅಂದರು. ಆಗಸ್ಟ್ ಬಂತು, ಇನ್ನೂ ಯಾಕಿದೆ, ಮಾರಬಾರದಾ ಅಂತ ಕೇಳಿದೆ.

‘ರೇಟು ಇನ್ನೂ ಸ್ವಲ್ಪ ಏರಲಿ ಅಂತ ನಿಮ್ಮಪ್ಪ ಕಾಯ್ತಿದ್ದಾರೆ.’