ಭಾನುವಾರದ ಓಟಕ್ಕೆ ಶುಕ್ರವಾರವೇ ಊರು ಸೇರುವ ಪ್ರಯೋಗ

ಆಗಸ್ಟ್ ಕೊನೆ: ಹೈದರಾಬಾದ್

ಈ ಸಾಲಿನಲ್ಲಿ ಮ್ಯಾರಥಾನ್ ತರಬೇತಿಯ ಪಟ್ಟಿಯನ್ನು ನಾನು ಮುಟ್ಟಿಲ್ಲ. ವಾರದ ನಡುವೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ವೇಗದ ಸುತ್ತುಗಳು, ಭಾನುವಾರ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕಡೆ ದೂರದ ಓಟ, ಉಳಿದಂತೆ ಕಬ್ಬನ್ ಪಾರ್ಕಿನಲ್ಲಿ ಹಗುರವಾದ ಓಟ, ಎಲ್ಲವೂ ಹಿಂದಿನಂತೆಯೇ. ಬದಲಿಸಲು ಹೊರಟಿರುವುದು ಸ್ಪರ್ಧೆಯ ಊರಿಗೆ ಹೋಗಿ ಸೇರುವ ರೀತಿಯನ್ನು. ನಮ್ಮ ಗುಂಪಿನಲ್ಲಿ ಬೆಂಗಳೂರಿನ ಓಟಗಳಲ್ಲಿ ಮಿಂಚಿ, ಹೊರಗಿನ ಊರಿನಲ್ಲಿ ಮುಗ್ಗರಿಸುವವರು ಬಹಳ ಮಂದಿ. ಹವೆ, ಏರು, ಹೊಟ್ಟೆ ಎಂದು ಕಾರಣ ಹೇಳುತ್ತಾರೆ. ಶನಿವಾರ ಮಧ್ಯಾಹ್ನ ಊರು ಸೇರಿ, ಸಂಜೆಯವರೆಗೆ ಬಿಬ್ (ಎದೆಗೆ ಸಿಕ್ಕಿಸುವ ಓಟಗಾರರ ಸಂಖ್ಯೆಯ ಚೀಟಿ) ಪಡೆಯುವ ಸಾಲಿನಲ್ಲಿ ನಿಂತು, ಗೊತ್ತಿಲ್ಲದ ಹಾಸಿಗೆಯಲ್ಲಿ ನಾಲ್ಕು ತಾಸು ಹೊರಳಾಡಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ಡೈರಿಯಲ್ಲಿ ಈಗ ಪ್ರಯಾಣದ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೇನೆ. ಕೆಂಪು ಎಂದರೆ ಕಠಿಣ ಅಭ್ಯಾಸದ ದಿನ. ಕಠಿಣ ಅಭ್ಯಾಸದ ಮರುದಿನ ಯಾರೂ ಮ್ಯಾರಥಾನ್ ಓಡುವುದಿಲ್ಲ.

ಇದಕ್ಕೆ ನಿದ್ರೆಯ ಕಡೆಯಿಂದಲೂ ಆಧಾರವಿದೆ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಹೊಸ ಜಾಗದಲ್ಲಿ ಮಲಗಿದವರ ಮಿದುಳಿನ ಚಟುವಟಿಕೆಯನ್ನು ಅಳೆದು ನೋಡಿದ್ದರು. ಮೊದಲ ರಾತ್ರಿ ಗಾಢ ನಿದ್ರೆಯಲ್ಲಿಯೂ ಎಡ ಅರ್ಧಗೋಳದ ಒಂದು ಜಾಲ ಬಲಗಡೆಯಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಸಣ್ಣ ಸದ್ದಿಗೂ ಕಿವಿಗೊಟ್ಟೇ ಇರುತ್ತಿತ್ತು. ಕಾವಲಿನ ಆ ರಾತ್ರಿ ಓಟದ ಮುನ್ನಾದಿನವೇ ಬರುವಂತೆ ನಾವು ಟಿಕೆಟ್ ಕೊಂಡುಕೊಳ್ಳುತ್ತೇವೆ. ಶುಕ್ರವಾರ ಊರು ಸೇರಿದರೆ ಕಾವಲು ಶುಕ್ರವಾರಕ್ಕೇ ಮುಗಿಯುತ್ತದೆ, ಶನಿವಾರ ರಾತ್ರಿಯ ಹೊತ್ತಿಗೆ ಕೋಣೆ ಪರಿಚಯವಾಗಿರುತ್ತದೆ.

ಕಚೇರಿಗೆ ರಜೆಯ ಅರ್ಜಿ ಬರೆಯುವಾಗ ಅಮ್ಮ ಕೇಳಿದರು: "ಓಡುವುದಕ್ಕೆ ರಜೆ ಹಾಕುತ್ತಿದ್ದೆ, ಸರಿ. ಈಗ ಮಲಗುವುದಕ್ಕೂ ರಜೆಯೇನೋ?" ಹೌದಮ್ಮ, ಅದಕ್ಕೇ.

ಹೈದರಾಬಾದಿಗೆ ಎರಡು ದಾರಿಗಳಿದ್ದವು. ಯಶವಂತಪುರದಿಂದ ಮಧ್ಯಾಹ್ನ ಹೊರಡುವ ವಂದೇ ಭಾರತ್ ಸುಮಾರು ಎಂಟೂವರೆ ತಾಸಿನಲ್ಲಿ ಕಾಚಿಗುಡ ತಲುಪುತ್ತದೆ. ವೇಗವೇನೋ ಚೆನ್ನ, ಆದರೆ ಅಷ್ಟು ಹೊತ್ತು ಕುರ್ಚಿಯಲ್ಲಿ ಕಾಲು ಮಡಚಿ ಕೂರಬೇಕು, ಇಳಿಯುವಾಗ ರಾತ್ರಿ ಹನ್ನೊಂದಾಗಿರುತ್ತದೆ, ಲಾಡ್ಜಿನ ಹಾಸಿಗೆ ಸಿಗುವುದು ಮಧ್ಯರಾತ್ರಿಯ ಮೇಲೆ. ನಾನು ಆರಿಸಿಕೊಂಡದ್ದು ಗುರುವಾರದ ರಾತ್ರಿ ರೈಲು, ಮೂರು ಹಂತದ ಎಸಿಯಲ್ಲಿ ಮೇಲಿನ ಬರ್ತ್.

ಬರ್ತ್ ವಿಚಾರದಲ್ಲಿ ನನ್ನದು ಸ್ವಲ್ಪ ಹಠವೇ. ಕೆಳಗಿನ ಬರ್ತ್ ಎಂದರೆ ಎಲ್ಲರ ಸೋಫಾ. ಊಟ ಮುಗಿದು ಮಾತು ಮುಗಿಯುವವರೆಗೆ ಹಾಸಿಗೆ ಬಿಡಿಸುವಂತಿಲ್ಲ. ನಡುವಿನದರಲ್ಲಿ ಬೆನ್ನು ನೆಟ್ಟಗೆ ಮಾಡಲು ಆಗದು. ಸೈಡ್ ಲೋವರ್‌ನಲ್ಲಿ ಎರಡು ಸೀಟು ಕೂಡುವ ಗೆರೆ ಸರಿಯಾಗಿ ಸೊಂಟದ ಕೆಳಗೆ ಬರುತ್ತದೆ, ಓಡಾಡುವವರ ಚೀಲ ಮೊಣಕಾಲಿಗೆ ತಾಗುತ್ತಲೇ ಇರುತ್ತದೆ. ಮೇಲಿನದರಲ್ಲಿ ಎಂಟು ಗಂಟೆಗೇ ಹತ್ತಿ ಕಣ್ಣುಪಟ್ಟಿ ಕಟ್ಟಿಕೊಂಡರೆ ಕೇಳುವವರಿಲ್ಲ. ಎಸಿಯ ಗಾಳಿ ನೇರ ಗಂಟಲಿಗೆ ಬೀಸುತ್ತದೆ ಎಂಬುದೊಂದೇ ತೊಂದರೆ. ಅದಕ್ಕೆ ಮಫ್ಲರ್ ಇದೆ; ಆಗಸ್ಟಿನಲ್ಲಿ ಮಫ್ಲರ್ ಸುತ್ತಿಕೊಂಡವನನ್ನು ಜನ ನೋಡಿದರೆ ನೋಡಲಿ.

ಎದ್ದ ಕೂಡಲೇ ಮಲಗಿದಲ್ಲಿಯೇ ಎಣಿಸುವ ನಾಡಿಬಡಿತ ಮನೆಯಲ್ಲಿ 50 ಇರುತ್ತದೆ. ಶುಕ್ರವಾರ ಬೆಳಿಗ್ಗೆ ರೈಲಿನಲ್ಲಿ 57, ಶನಿವಾರ 54, ಭಾನುವಾರ 51. ಶನಿವಾರ ಬಂದಿಳಿದಿದ್ದರೆ, ಮೊದಲ ರಾತ್ರಿಯ ಮರುದಿನದ ಆ 54ರ ದಣಿದ ದೇಹವನ್ನು ಹೊತ್ತು ಓಟದ ದಾರಿಯ ಮೇಲ್ಸೇತುವೆಗಳನ್ನು ಏರಬೇಕಿತ್ತು. ಸೆಕೆ ಇತ್ತು, ಬೆವರು ಆರಲೇ ಇಲ್ಲ, ಆದರೂ ಕೊನೆಯ ಹತ್ತು ಕಿಲೋಮೀಟರ್‌ನಲ್ಲಿ ನಡೆಯುವ ಪ್ರಸಂಗ ಬರಲಿಲ್ಲ.

ಅಕ್ಟೋಬರ್: ದೆಹಲಿ, ಹಾಫ್ ಮ್ಯಾರಥಾನ್

ಈ ಬಾರಿ ವಿಮಾನ. ಬೆಳಗಿನ ಆರರ ವಿಮಾನಕ್ಕೆ ಟಿಕೆಟ್ ಅಗ್ಗ, ಹನ್ನೊಂದರದ್ದಕ್ಕೆ ದುಬಾರಿ. ಆರಕ್ಕೆ ಹಾರಬೇಕಾದರೆ ಎರಡಕ್ಕೆ ಏಳಬೇಕು, ಜಯನಗರದಿಂದ ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ ವಾಯುವಜ್ರ ಬಸ್ ಹಿಡಿಯಬೇಕು. ಉಳಿದ ಹಣಕ್ಕೆ ಒಂದು ರಾತ್ರಿಯ ನಿದ್ರೆ ಮಾರಿದಂತೆ. ಹನ್ನೊಂದರದ್ದನ್ನೇ ತೆಗೆದುಕೊಂಡೆ.

ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟೇ. ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಮೂಗಿನ ಒಳಪದರ ಒಣಗಿದರೆ ಸೋಂಕಿಗೆ ಬಾಗಿಲು ತೆರೆದಂತೆ. ಎನ್95 ಮಾಸ್ಕ್ ಹಾಕಿದರೆ ನಮ್ಮದೇ ಉಸಿರಿನ ತೇವ ಮೂಗಿಗೆ ಮರಳುತ್ತದೆ, ಪಕ್ಕದವರ ಕೆಮ್ಮೂ ತಡೆಯುತ್ತದೆ. ಹಜಾರದ ಬದಿಯ ಸೀಟು, ಗುಟುಕು ಗುಟುಕಾಗಿ ನೀರು, ಆಗಾಗ ಎದ್ದು ಓಡಾಟ. ದೆಹಲಿಯ ಅಕ್ಟೋಬರ್ ಗಾಳಿಗೂ ಅದೇ ಮಾಸ್ಕ್ ಆಯಿತು. ನೆಗಡಿ ಬಂದರೆ ಔಷಧದಂಗಡಿಯ ಮಾತ್ರೆಯನ್ನು ಸುಮ್ಮನೆ ನುಂಗಬಾರದು: ಮೂಗು ಬಿಡಿಸುವ ಕೆಲವು ಔಷಧಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ವೇಳೆ ಮಿತಿ ಮೀರಿದರೆ ಉದ್ದೀಪನ ಮದ್ದಿನ ನಿಯಮದಂತೆ ನಿಷಿದ್ಧ.

ಗುಂಪಿನ ಗೆಳೆಯರೊಬ್ಬರು ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ಗೆ ಹೋಗುವವರಿದ್ದಾರೆ. ಅವರಿಗೆ ಹೇಳಿದ್ದು: ದೇಹದ ಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ತಾಸು ಸರಿಯುತ್ತದೆ, ನಡುವಿನ ಅಂತರ ಒಂಬತ್ತೂವರೆ ತಾಸು, ಲೆಕ್ಕ ನೀವೇ ಹಾಕಿಕೊಳ್ಳಿ. 2012ರಲ್ಲಿ ಪ್ರಕಟವಾದ ರಗ್ಬಿ ಆಟಗಾರರ ಅಧ್ಯಯನವೊಂದರಲ್ಲಿ, ಐದಕ್ಕಿಂತ ಹೆಚ್ಚು ಕಾಲವಲಯ ದಾಟಿ ಹೋದಾಗ ಕಾಯಿಲೆಯ ಸಂಭವ ಎರಡು ಮೂರು ಪಟ್ಟು ಹೆಚ್ಚಿತ್ತು. ತವರಿಗೆ ಮರಳಿದಾಗ ಹಾಗೆ ಹೆಚ್ಚಿರಲಿಲ್ಲ. ಅಂದರೆ ವಿಮಾನವನ್ನಷ್ಟೇ ದೂರಿದರೆ ಸಾಲದು, ಹೋಗಿ ಸೇರಿದ ಊರಿನ ನೀರು, ಆಹಾರ, ಹವೆಯನ್ನೂ ನೋಡಬೇಕು.

ಆಹಾರಕ್ಕೆ ನನ್ನ ಉತ್ತರ ಗೊಜ್ಜವಲಕ್ಕಿ. ಮನೆಯಲ್ಲಿ ಗಟ್ಟಿ ಅವಲಕ್ಕಿಯನ್ನು ರವೆಯಷ್ಟು ತರಿಯಾಗಿ ಪುಡಿ ಮಾಡಿ, ಹುಣಸೆಯ ಒಣಪುಡಿ, ಬೆಲ್ಲ, ಸಾರಿನ ಪುಡಿ, ಉಪ್ಪು ಬೆರೆಸಿ, ಒಗ್ಗರಣೆ ಆರಿದ ಮೇಲೆ ಕಲಸಿ ಸ್ಟೀಲ್ ಡಬ್ಬಿಗೆ ತುಂಬಿಸಿಕೊಳ್ಳುತ್ತೇನೆ. ಹೋಟೆಲ್ ಕೋಣೆಯ ಕೆಟಲ್‌ನಲ್ಲಿ ನೀರು ಕುದಿಸಿ, ಪುಡಿ ಮುಳುಗುವಷ್ಟು ಸುರಿದು, ಹತ್ತು ನಿಮಿಷ ಮುಚ್ಚಿಟ್ಟರೆ ಒಂದೊಂದು ತರಿಯೂ ಬಿಡಿಬಿಡಿಯಾಗಿ ಅರಳುತ್ತದೆ. ಜೊತೆಗೆ ಬಾಳೆಹಣ್ಣು. ಓಟದ ಹಿಂದಿನ ದಿನ ಕಾರ್ಬೋಹೈಡ್ರೇಟ್ ತುಂಬಿಕೊಳ್ಳಲು ಬೇರೆ ಮಂತ್ರ ಬೇಕಿಲ್ಲ. ಬಿಬ್ ಕೊಡುವ ಎಕ್ಸ್‌ಪೋದಲ್ಲಿ ಹಂಚುವ ಬಣ್ಣದ ಪಾನೀಯಗಳನ್ನು ಮುಟ್ಟುವುದೂ ಇಲ್ಲ, ಅಲ್ಲಿ ಮುಕ್ಕಾಲು ತಾಸಿಗಿಂತ ಹೆಚ್ಚು ನಿಲ್ಲುವುದೂ ಇಲ್ಲ.

ಬಿಡಲು ಕಷ್ಟವಾದದ್ದು ಸಂಜೆಯ ಫಿಲ್ಟರ್ ಕಾಫಿ. ಕುಡಿದ ಕೆಫೀನ್‌ನ ಅರ್ಧ ಭಾಗ ಐದು ತಾಸಿನ ನಂತರವೂ ಮೈಯಲ್ಲಿ ಉಳಿದಿರುತ್ತದೆ. ಪ್ರಯಾಣದ ವಾರದಲ್ಲಿ ಮಧ್ಯಾಹ್ನ ಎರಡರ ಮೇಲೆ ಲೋಟ ಮುಟ್ಟುವುದಿಲ್ಲ. ಗೊಣಗಾಟ ಮುಂದುವರಿದಿದೆ.

ಡಿಸೆಂಬರ್: ಮುಂಬೈಗೆ ಮುನ್ನ

ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಸಮುದ್ರಮಟ್ಟಕ್ಕೆ ಇಳಿದರೆ ನಮಗೆ ಲಾಭ ಎನ್ನುವವರು ಪಾರ್ಕಿನಲ್ಲಿ ಸಿಗುತ್ತಲೇ ಇರುತ್ತಾರೆ. ಆದರೆ ಆಮ್ಲಜನಕ ಹೊರುವ ಕೆಂಪು ಕಣಗಳು ರಕ್ತದಲ್ಲಿ ಗಣನೀಯವಾಗಿ ಹೆಚ್ಚಲು ಎರಡು ಸಾವಿರ ಮೀಟರ್ ಆಸುಪಾಸಿನ ಎತ್ತರ ಬೇಕು. ನಮ್ಮ ಊರು ಕೊಡುವುದು ತಂಪನ್ನು, ಜನವರಿಯ ಮುಂಬೈ ಸೆಕೆಯಲ್ಲಿ ಆ ತಂಪೇ ಕೈಕೊಡುತ್ತದೆ. ಸೆಕೆಗೆ ಮೈ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಓಟದ ನಂತರ ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದೂ ಒಂದು ದಾರಿ. ನಮ್ಮ ಮನೆಯಲ್ಲಿರುವುದು ಬಕೆಟ್. ಹಾಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ವಿಂಡ್‌ಚೀಟರ್ ತೊಟ್ಟು ನಿಧಾನವಾಗಿ ಓಡುತ್ತಿದ್ದೇನೆ.

ಫುಲ್ ಮ್ಯಾರಥಾನ್ ಹೊರಡುವುದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನ ಎದುರು, ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ಲುವುದೂ ಅಲ್ಲಿಯೇ. ಇಳಿದು ನಡೆದು ಹೋಗುವಷ್ಟು ಹತ್ತಿರದಲ್ಲಿ ಲಾಡ್ಜ್ ಗೊತ್ತುಮಾಡಿದ್ದೇನೆ. ಓಟದ ದಿನ ನಸುಕಿನಲ್ಲಿ ಟ್ಯಾಕ್ಸಿ ಹುಡುಕುವುದು ತಪ್ಪುತ್ತದೆ. ಆದರೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ರಾತ್ರಿ, ಒಂದು ಹಗಲು ಕಳೆಯಬೇಕಾದ್ದರಿಂದ ಬುಧವಾರ ಸಂಜೆಯೇ ಹೊರಡುತ್ತೇನೆ. ಟಿಕೆಟ್ ಸದ್ಯಕ್ಕೆ ಆರ್‌ಎಸಿಯಲ್ಲಿದೆ. ಆರ್‌ಎಸಿ ಎಂದರೆ ಅದೇ ಸೈಡ್ ಲೋವರ್, ಅದೂ ಇನ್ನೊಬ್ಬರ ಜೊತೆ ಹಂಚಿಕೊಂಡು. ಹೊರಡುವ ಹಿಂದಿನ ವಾರದವರೆಗೆ ಬರ್ತ್ ಖಚಿತವಾಗದಿದ್ದರೆ ಟಿಕೆಟ್ ರದ್ದು ಮಾಡಿ ಗುರುವಾರ ಮಧ್ಯಾಹ್ನದ ವಿಮಾನ ಹಿಡಿಯುತ್ತೇನೆ. ಅದರ ದುಡ್ಡನ್ನು ಹೊಸ ಶೂ ಕೊಳ್ಳಲು ಎತ್ತಿಟ್ಟ ಹಣದಿಂದ ತೆಗೆದಿದ್ದೂ ಆಗಿದೆ.